ಇಸ್ತಾಂಬುಲ್‌ಗೆ ಹೊರಟ ಆನೆಗಳು

ಪಾಳ್ಯದ ಗಂಗಾಮಣಿಯನ್ನು ಆನೆ ತಳ್ಳಿ ಕೆಡವಿದ್ದು ಅವಳು ಡೈರಿಗೆ ಹಾಲು ಹಾಕಲು ಹೋಗುತ್ತಿದ್ದಾಗ. ಬೆಳಕು ಹರಿದಿತ್ತು. ಆದರೆ ಮಂಜು ಇನ್ನೂ ತೋಟದ ಬೇಲಿ ಬಿಟ್ಟು ಎದ್ದಿರಲಿಲ್ಲ. ಆನೆಗಳು ದೂರದ ಎಸ್ಟೇಟೊಂದರಲ್ಲಿವೆ ಎಂದು ಹಿಂದಿನ ಸಂಜೆ ಊರಲ್ಲೆಲ್ಲ ಮಾತಾಡಿಕೊಂಡಿದ್ದರಿಂದ ಅವಳಿಗೆ ಅಂಜಿಕೆಯೂ ಇರಲಿಲ್ಲ. ರಸ್ತೆಯ ತಿರುವಿನಲ್ಲಿ ಸಿಲ್ವರ್ ಓಕ್ ಮರದ ನೆರಳು ಅಂದುಕೊಂಡದ್ದು ಒಂದು ಹೆಜ್ಜೆ ಮುಂದೆ ಬಂತು. ಕೂಗಲೂ ಸಮಯವಿರಲಿಲ್ಲ. ಸೊಂಡಿಲು ಬೀಸಿತೋ, ಬರೀ ಸೋಕಿತೋ ಅವಳಿಗೆ ಇವತ್ತಿಗೂ ತಿಳಿಯದು. ಹಾಲಿನ ಕ್ಯಾನು ಒಂದು ಕಡೆ ಉರುಳಿತು, ಅವಳು ಇನ್ನೊಂದು ಕಡೆ ಚರಂಡಿಗೆ ಬಿದ್ದಳು. ಎಡಗಾಲು ಮೈಯಡಿ ಸಿಕ್ಕಿ ಮುರಿಯಿತು.

ಆನೆ ಹೋಗಲಿಲ್ಲ. ಅವಳ ತಲೆಯ ಹತ್ತಿರವೇ ಬಂದು ನಿಂತಿತು. ಒಡೆದ ಮಣ್ಣಿನ ವಾಸನೆ, ಹಸಿ ಸೊಪ್ಪಿನ ವಾಸನೆ, ಬಿಸಿ ಉಸಿರು. ಸೊಂಡಿಲಿನ ತುದಿ ಚೆಲ್ಲಿದ ಹಾಲನ್ನು ಮುಟ್ಟಿತು. ಆಮೇಲೆ ಅವಳ ಹೆಗಲು, ಕಿವಿ, ಕೂದಲು ಮುಟ್ಟಿತು. ಕಡೆಗೆ ಏನೋ ತೀರ್ಮಾನಕ್ಕೆ ಬಂದಂತೆ ತಿರುಗಿ, ಒಂದು ಕಾಫಿ ಗಿಡವನ್ನೂ ಮುರಿಯದೆ ತೋಟದೊಳಕ್ಕೆ ಇಳಿದು ಹೋಯಿತು.

ಹಾಸನದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದ್ದವಳನ್ನು ನೋಡಲು ಬಂದವರೆಲ್ಲ ಆನೆಗೆ ಶಾಪ ಹಾಕಿದರು. ಗಂಗಾಮಣಿ ಹಾಕಲಿಲ್ಲ. ಬಾಳ್ಳುಪೇಟೆಯಿಂದ ಓಡಿಬಂದಿದ್ದ ಅಣ್ಣನ ಮಗಳು ನವ್ಯಶ್ರೀಗೆ ಅವಳು ಹೇಳಿದ್ದು ಇಷ್ಟೇ: "ಒಂದು ಗುಡ್ಡ ಬಂದು ನನ್ನ ಮೂಸಿ ನೋಡ್ತು ಕಣೇ. ಮೂಸಿ, ಇರ್ಲಿ ಬಿಡು ಅಂತ ಬಿಟ್ಟು ಹೋಯ್ತು."

ಆಗ ಅವಳಿಗೆ ನಲವತ್ತೈದು ದಾಟಿತ್ತು. ಮದುವೆಗೆ ಮುಂಚೆ ಹಾಸನದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು. ಮದುವೆಯಾದ ಮೇಲೆ ಗದ್ದೆ, ರಾಗಿ, ಎರಡು ಹಸು, ಮನೆ ಹಿಂದಿನ ಸಣ್ಣ ಕಾಫಿ ತೋಟ. ಓದಿದ್ದು ಎಲ್ಲಿ ಹೋಯಿತೆಂದು ಅವಳೂ ಕೇಳಿಕೊಂಡಿರಲಿಲ್ಲ. ಗಂಡ ಸೋಮಯ್ಯ ಮಾತು ಕಡಿಮೆಯ, ಕೆಲಸ ಹೆಚ್ಚಿನ ಮನುಷ್ಯ. ಹೆಂಡತಿ ಮಂಚ ಹಿಡಿದ ಮೇಲೆ ಹಾಲು ಕರೆಯುವುದು, ಅಡುಗೆ, ಅವಳನ್ನು ಎತ್ತಿ ಕೂರಿಸುವುದು ಎಲ್ಲವನ್ನೂ ತಾನೇ ಮಾಡಿದ.

ದಿನವಿಡೀ ಸೂರು ನೋಡುತ್ತ ಮಲಗುವುದು ಅವಳಿಗೆ ಮುರಿದ ಕಾಲಿಗಿಂತ ಹೆಚ್ಚು ನೋಯಿಸುತ್ತಿತ್ತು. ಅದನ್ನು ಕಂಡ ನವ್ಯಶ್ರೀ ಒಂದು ಭಾನುವಾರ ತನ್ನ ಪುಸ್ತಕಗಳನ್ನು ತಂದು ಮಂಚದ ಮೇಲೆ ಸುರಿದಳು. ಅವಳು ಮುಕ್ತ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಕಟ್ಟಿದ್ದಳು. ಅಂಗಡಿಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಓದು ನಿಂತಿತ್ತು.

"ಟೈಮ್‌ಪಾಸಿಗೆ ಓದಿ ಅತ್ತೆ. ನಿದ್ದೆ ಬರೋದಂತೂ ಗ್ಯಾರಂಟಿ."

ನಿದ್ದೆ ಬರಲಿಲ್ಲ. ಪಶ್ಚಿಮ ಏಷ್ಯಾದ ಇತಿಹಾಸ ಎಂದಿದ್ದ ತೆಳು ಪುಸ್ತಕವೊಂದರಲ್ಲಿ ಆಟೋಮನ್ ತುರ್ಕರ ಹೆಸರು ಕಂಡಾಗ ಗಂಗಾಮಣಿಗೆ ನಗು ಬಂತು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಸಾಲು ನಾಲಗೆಯ ಮೇಲೇ ಇತ್ತು. ಸಾವಿರದ ನಾನೂರ ಐವತ್ತಮೂರರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ಅದರಿಂದ ಯುರೋಪಿನವರು ಹೊಸ ಜಲಮಾರ್ಗ ಹುಡುಕಿದರು. ಒಂದು ಅಂಕದ ಪ್ರಶ್ನೆ. ಈ ನಾಡಿನಲ್ಲಿ ಶಾಲೆಗೆ ಹೋದ ಎಲ್ಲರಿಗೂ ಗೊತ್ತಿರುವ ಉತ್ತರ. ಅಲ್ಲಿಗೆ ಪಾಠ ಹಡಗು ಹತ್ತಿಕೊಂಡು ಪೋರ್ಚುಗೀಸರ ಹಿಂದೆ ಹೊರಟುಬಿಡುತ್ತದೆ. ತುರ್ಕರು ಆ ಊರನ್ನು ಹಿಡಿದು ಆಮೇಲೆ ಏನು ಮಾಡಿದರು ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ, ಯಾವ ಮಕ್ಕಳೂ ಕೇಳಿರಲಿಲ್ಲ.

ಈಗ ಪುಟ ತಿರುಗಿಸಿದರೆ ಅವರು ಎಲ್ಲೂ ಹೋಗಿರಲಿಲ್ಲ! ಆ ಒಂದು ಅಂಕದ ಪ್ರಶ್ನೆಯಾದ ಮೇಲೆ ಇನ್ನೂ ನಾನೂರೈವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಇದ್ದರು. ಒಂದೇ ಮನೆತನ. ಮೂರು ಖಂಡಗಳ ಮೇಲೆ ಆಳ್ವಿಕೆ. ಅವಳ ಅಜ್ಜಿ ಹುಟ್ಟಿದಾಗಲೂ ಆ ಸಿಂಹಾಸನದ ಮೇಲೆ ಅದೇ ವಂಶದ ಒಬ್ಬ ಕೂತಿದ್ದ. ಗಂಗಾಮಣಿ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡಳು. ಇಷ್ಟು ದೊಡ್ಡದೊಂದು ನಡೆದು ಹೋದದ್ದು ತನಗೆ ಗೊತ್ತೇ ಇರಲಿಲ್ಲವಲ್ಲ ಎನ್ನುವುದು ಅವಳಿಗೆ ನಾಚಿಕೆ ತರಲಿಲ್ಲ. ಬೆಟ್ಟ ಹತ್ತಿ ಆ ಬದಿ ನೋಡಿದವಳ ಹಾಗೆ ಉಸಿರು ಹಿಡಿಯುವಂತಾಯಿತು.

ಎರಡು ದಿನದ ಮೇಲೆ ಅದೇ ಪುಸ್ತಕದಲ್ಲಿ ಮತ್ತೊಂದು ಸಾಲು ಸಿಕ್ಕಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಟಿಪ್ಪು ಸುಲ್ತಾನನ ರಾಯಭಾರಿಗಳು ಇಸ್ತಾಂಬುಲ್‌ಗೆ ಬಂದಿದ್ದರು. ಅಷ್ಟೇ. ಮುಂದಿನ ಸಾಲು ರಷ್ಯಾದ ಯುದ್ಧಕ್ಕೆ ಹಾರಿತ್ತು.

ಅವಳು ಫೋನ್ ತೆಗೆದುಕೊಂಡಳು. "ನವ್ಯಾ, ನಮ್ ಮಂಜರಾಬಾದ್ ಕೋಟೆ ಕಟ್ಸಿದ್ನಲ್ಲ, ಅದೇ ಟಿಪ್ಪು ಜನ ಕಳ್ಸಿದ್ನಂತೆ ಕಣೇ ಅಲ್ಲಿಗೆ. ಆನೇಮಹಲ್ ಗುಡ್ಡದ ಮೇಲೆ ಕಲ್ಲು ಹೊರ್ತಾ ಇದ್ದ ಕಾಲ್ದಲ್ಲೇ. ಹೆಂಗೆ ಹೋದ್ರು? ಏನ್ ತಗೊಂಡೋದ್ರು? ನೋಡಿ ಹೇಳು."

"ಅಂಗ್ಡೀಲಿ ಗಿರಾಕಿ ಅವ್ರೆ ಅತ್ತೆ. ಸಂಜೆ ನೋಡ್ತೀನಿ."

ಸಂಜೆ ನವ್ಯಶ್ರೀ ಮನೆಗೇ ಬಂದಳು. ಫೋನಿನಲ್ಲಿ ಇಂಗ್ಲಿಷಿನಲ್ಲಿದ್ದುದನ್ನು ಬಿಡಿಸಿ ಬಿಡಿಸಿ ಓದಿ ಹೇಳಿದಳು. ಗೋಕರ್ಣದ ಹತ್ತಿರದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವಂತೆ. ಹೆಚ್ಚುಕಡಿಮೆ ಒಂಬೈನೂರು ಜನ. ಗಂಧದ ಮರ, ಕಾಳುಮೆಣಸು, ಏಲಕ್ಕಿ, ಬಟ್ಟೆ. ಓದುತ್ತಿದ್ದವಳು ನಿಲ್ಲಿಸಿದಳು.

"ಯಾಕೆ, ಏನಾಯ್ತು?"

"ಅತ್ತೆ, ಆನೆನೂ ಕರ್ಕೊಂಡು ಹೋಗಿದ್ರಂತೆ. ಹಡಗಲ್ಲಿ. ನಾಲ್ಕು."

ಒಳಗೆ ಹಸುವಿಗೆ ಬೂಸಾ ಕಲಸುತ್ತಿದ್ದ ಸೋಮಯ್ಯನಿಗೂ ಅದು ಕೇಳಿಸಿತು. ಅವನು ಬಾಗಿಲಿಗೆ ಬಂದು ಇಬ್ಬರ ಮುಖವನ್ನೂ ನೋಡಿ, ತಮಾಷೆಯಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದ. ಗಂಗಾಮಣಿಯ ಕಣ್ಣಲ್ಲಿ ನೀರು ತುಂಬಿತ್ತು. ಒಂದು ಆನೆಯ ಉಸಿರು ಎಷ್ಟು ಭಾರವೆಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅಂಥ ನಾಲ್ಕನ್ನು ಮರದ ಹಡಗಿನಲ್ಲಿ ನಿಲ್ಲಿಸಿ, ಸಮುದ್ರ ದಾಟಿಸಿ, ಯಾವನೋ ಸುಲ್ತಾನನ ಮುಂದೆ ನಿಲ್ಲಿಸಲು ಹೊರಟವರು ಎಂಥ ಮನುಷ್ಯರು?

"ತಲುಪಿದ್ವಾ?"

"ಇಲ್ಲ. ದಾರೀಲೇ ಸತ್ತೋದ್ವಂತೆ."

ಜನರ ಪಾಡೂ ಹೆಚ್ಚು ಬೇರೆಯಿರಲಿಲ್ಲ. ಹಡಗುಗಳು ಬಿರುಗಾಳಿಗೆ, ಬೆಂಕಿಗೆ ಸಿಕ್ಕವು. ಉಳಿದವರು ಬಸ್ರಾ, ಬಾಗ್ದಾದ್ ದಾಟಿ ನೆಲದ ಮೇಲೆ ನಡೆದು, ಒಂದೂವರೆ ವರ್ಷದ ಮೇಲೆ ಇಸ್ತಾಂಬುಲ್ ಸೇರಿದಾಗ ಅಲ್ಲಿ ಪ್ಲೇಗು. ಸುಲ್ತಾನನಿಗೆ ರಷ್ಯಾದ ಯುದ್ಧದ ಚಿಂತೆ. ಮರ್ಯಾದೆ ಮಾಡಿ ಕಳಿಸಿದ, ಕೇಳಿದ ಸಹಾಯ ಕೊಡಲಿಲ್ಲ. ಮರಳಿ ತಮ್ಮ ಊರು ಕಂಡವರು ಕೆಲವೇ ಮಂದಿ.

ಅಂದಿನಿಂದ ಗಂಗಾಮಣಿ ಓದುವವಳಾದಳು. ಕಾಲು ಕೂಡಿ, ಕೋಲು ಹಿಡಿದು ಅಂಗಳಕ್ಕೆ ಬರುವಷ್ಟಾದಾಗ ಎಂ.ಎ.ಗೆ ತಾನೇ ಹೆಸರು ಕಟ್ಟಿಸಿದಳು. ಹಾಸನದ ಅಧ್ಯಯನ ಕೇಂದ್ರಕ್ಕೆ ತಿಂಗಳಿಗೆರಡು ಭಾನುವಾರ ಬಸ್ಸಿನಲ್ಲಿ ಹೋಗಿಬರುವಳು. ಅಲ್ಲಿ ಪಾಠ ಹೇಳುತ್ತಿದ್ದ ಮಂಜುನಾಥ್ ಮೇಷ್ಟ್ರ ಹತ್ತಿರ ಹೋಗಿ, ಆಟೋಮನ್ನರ ಕೊನೆಯ ಕಾಲದ ಬಗ್ಗೆ ಇನ್ನಷ್ಟು ಓದಬೇಕು ಸಾರ್ ಎಂದಾಗ ಅವರು ಮುಖವರಳಿಸಿದರು.

"ಹತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ, ಇದನ್ನ ಯಾರೂ ಕೇಳಿರಲಿಲ್ಲಮ್ಮ. ಕನ್ನಡದಲ್ಲಿ ಸಿಗೋದು ಕಮ್ಮಿ. ಇಂಗ್ಲಿಷ್ ಓದ್ತೀರಾ?"

"ನಿಧಾನ ಸಾರ್. ಆದ್ರೆ ಓದ್ತೀನಿ."

"ನಿಧಾನನೇ ಓದಿ. ತೊಡಕಿದ್ರೆ ಇಬ್ರೂ ಕೂತು ಬಿಡಿಸೋಣ."

ಅವರು ತಮ್ಮ ಪುಸ್ತಕಗಳನ್ನೇ ಕೊಟ್ಟರು. ಗಂಗಾಮಣಿ ಒಲೆಯ ಮುಂದೆ, ಕೊಟ್ಟಿಗೆಯ ಕಟ್ಟೆಯ ಮೇಲೆ, ಗದ್ದೆಯ ಬದುವಿನ ಮೇಲೆ ಕೂತು ಓದಿದಳು. ತನ್ನ ಮಾತು ಕೇಳದ ಸೈನ್ಯವನ್ನೇ ರಾಜಧಾನಿಯ ಬೀದಿಯಲ್ಲಿ ಒಂದೇ ದಿನ ತೋಪು ಹಾರಿಸಿ ಅಳಿಸಿದ ಸುಲ್ತಾನನ ಬಗ್ಗೆ ಓದಿದಳು. ಎಲ್ಲ ಧರ್ಮದ ಪ್ರಜೆಗಳೂ ಕಾನೂನಿನ ಮುಂದೆ ಸಮಾನರು ಎಂದು ಅರಮನೆಯ ತೋಟದಲ್ಲಿ ಓದಿ ಸಾರಿದ ಆಜ್ಞೆಯನ್ನು ಓದಿದಳು. ಅದೇ ರಾಜ್ಯದ ಕೊನೆಯ ದಿನಗಳಲ್ಲಿ ಅರ್ಮೇನಿಯನ್ನರನ್ನು ಮರುಭೂಮಿಗೆ ಅಟ್ಟಿ ಕೊಂದದ್ದನ್ನು ಓದಿದ ದಿನ ಊಟ ಬಿಟ್ಟಳು. ದಮಾಸ್ಕಸ್ಸಿನಿಂದ ಮದೀನಾದವರೆಗೆ ಮರಳಿನ ಮೇಲೆ ಹಾಕಿದ ರೈಲುಹಳಿ ಅವಳಿಗೆ ಹಿಡಿಸಿಬಿಟ್ಟಿತು. ಸಕಲೇಶಪುರದ ಘಾಟಿಯ ಹಳಿಗೆ ಕುಸಿಯುವ ಮಣ್ಣು ಹೇಗೋ, ಅಲ್ಲಿನ ಹಳಿಗೆ ಹರಿದಾಡುವ ಮರಳು ಹಾಗೆ.

ಒಂದು ಮಧ್ಯಾಹ್ನ ಅವಳು ಪುಸ್ತಕದಿಂದ ತಲೆಯೆತ್ತಿ ಗಂಡನನ್ನು ಕರೆದಳು. "ರೀ, ಕೇಳಿ ಇಲ್ಲಿ. ಆನೆ ಕರ್ಕೊಂಡು ಸ್ನೇಹ ಕೇಳೋಕೆ ಹೋಗಿದ್ರಲ್ಲ ಮೈಸೂರಿನೋರು, ನೂರ ಮೂವತ್ತು ವರ್ಷ ಆದ್ಮೇಲೆ ಮೈಸೂರಿನೋರೇ ಮತ್ತೆ ಹೋಗವ್ರೆ. ಕುದ್ರೆ ಮೇಲೆ. ಬ್ರಿಟಿಷರ ಕಡೆಯಿಂದ, ಹೈಫಾ ಅನ್ನೋ ಊರಲ್ಲಿ ಅದೇ ತುರ್ಕರ ಮೇಲೆ ಯುದ್ಧ ಮಾಡೋಕೆ."

ಸೋಮಯ್ಯ ಹಾರೆ ಕೆಳಗಿಟ್ಟ. "ಗಂಗಾ, ನಮ್ ದೇಶದ್ದೇ ಓದಿ ಮುಗ್ದಿಲ್ಲ. ಆ ಟರ್ಕಿಯೋರು ನಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಅದುಕ್ಕೇ ಆಶ್ಚರ್ಯ" ಎಂದಳು. ಅವನು ತಲೆಯಾಡಿಸಿ ಹಾರೆ ಎತ್ತಿಕೊಂಡ. ಬೇಡ ಎಂದು ಅವನು ಒಂದು ದಿನವೂ ಹೇಳಲಿಲ್ಲ. ಆದರೆ ಕೇಳಬೇಕೆಂದು ಬಂದು ಕೂರಲೂ ಇಲ್ಲ.

ಕೇಳಲು ಕೂತವರು ಬೇರೆ. ಆ ವರ್ಷದ ಕಾಫಿ ಕುಯ್ಲಿಗೆ ಗಿಡದ ಸಾಲಿನಲ್ಲಿ ನಿಲ್ಲಲು ಅವಳ ಕಾಲು ಬಿಡಲಿಲ್ಲ. ಟಾರ್ಪಾಲಿನ ಮೇಲೆ ಕೂತು ಹಣ್ಣಿನಿಂದ ಹಸಿಗಾಯಿ ಆರಿಸುತ್ತಿದ್ದಳು. ಜೊತೆಗೆ ಕೂಲಿಗೆ ಬರುತ್ತಿದ್ದ ಈರಮ್ಮ, ಅವಳ ಸೊಸೆ ಚಿನ್ನಮ್ಮ. ಕೈ ಕೆಲಸ ಮಾಡುತ್ತಿದ್ದರೆ ಬಾಯಿಗೆ ಕತೆ ಬೇಕು. ಗಂಗಾಮಣಿ ಶುರು ಮಾಡಿದಳು. ನಾಲ್ಕೈದು ದಿನಗಳಲ್ಲಿ ಆ ಇಬ್ಬರಿಗೆ ಇಸ್ತಾಂಬುಲ್‌ನ ಅರಮನೆಯ ಬಾಗಿಲುಗಳೂ ಪರಿಚಯವಾಗಿದ್ದವು.

"ಆ ಕೊನೇ ದೊರೆ ಏನಾದ ಮಗಾ?" ಎಂದಳು ಈರಮ್ಮ.

"ಕೊನೇ ಸುಲ್ತಾನ ಅರಮನೆಯಿಂದ ಹಿಂದಿನ ಬಾಗಿಲಲ್ಲಿ ಹೊರಗೆ ಬಂದು, ಬ್ರಿಟಿಷರ ಹಡಗು ಹತ್ತಿ ಹೋಗ್ಬುಟ್ಟ. ಆರುನೂರು ವರ್ಷದ ಮನೆತನ ಈರಮ್ಮ. ಬೀಳ್ಕೊಡೋಕೆ ಒಂದು ವಾದ್ಯನೂ ಇರಲಿಲ್ಲ. ಅವನ ತಮ್ಮನ ವರಸೆಯೋನೊಬ್ಬನ್ನ ಖಲೀಫ ಅಂತ ಕೂರ್ಸಿದ್ರು. ಖಲೀಫ ಅಂದ್ರೆ ಧರ್ಮಕ್ಕೆ ದೊಡ್ಡೋನು. ಒಂದೂವರೆ ವರ್ಷಕ್ಕೆ ಅವನನ್ನೂ, ಹೆಂಡ್ರು ಮಕ್ಕಳನ್ನೂ ರೈಲು ಹತ್ಸಿ ದೇಶ ಬಿಡ್ಸಿದ್ರು."

"ಅಯ್ಯೋ, ಮಕ್ಕಳು ಎಲ್ಲೋದ್ವು?"

"ಒಬ್ಳು ಮಗಳಿದ್ಳು. ಚಿಕ್ಕೋಳು. ಅವಳು ಎಲ್ಲಿಗೆ ಬಂದ್ಳು ಗೊತ್ತಾ? ಹೈದರಾಬಾದಿಗೆ. ನಿಜಾಮನ ಮನೆಗೆ ಸೊಸೆ ಆಗಿ. ನಮ್ ರಾಯಚೂರು, ಕಲಬುರ್ಗಿ ಎಲ್ಲಾ ಆಗ ಆ ನಿಜಾಮರ ಕೈಲೇ ಇತ್ತು."

ಚಿನ್ನಮ್ಮನ ಕೈ ಹಣ್ಣಿನ ಮೇಲೇ ನಿಂತಿತು. "ಅಷ್ಟು ದೊಡ್ಡ ಮನೆ ಹುಡ್ಗಿ ನಮ್ ಸೀಮೆಗೆ ಸೊಸೆಯಾಗಿ ಬಂದ್ಲಾ!" ಎಂದಳು. ಈರಮ್ಮ ಮಾತ್ರ ಹಸಿಗಾಯಿ ಆರಿಸುತ್ತಲೇ ತನ್ನಷ್ಟಕ್ಕೆ ಹೇಳಿಕೊಂಡಳು: "ಊರು ಬಿಡೋವಾಗ ರೈಲಲ್ಲಿ ಆ ಮಗ ಏನ್ ನೋಡ್ತೋ."

ಗಂಗಾಮಣಿ ಓದಿದ ಯಾವ ಪುಸ್ತಕವೂ ಆ ರೈಲಿನ ಕಿಟಕಿಯ ಹತ್ತಿರ ಹೋಗಿರಲಿಲ್ಲ.

ಆ ಚಳಿಗಾಲ ಕಳೆದು, ಬೇಸಿಗೆ ಏರುವ ಹೊತ್ತಿಗೆ ಬಾಳ್ಳುಪೇಟೆ ಕಡೆಯ ಎಸ್ಟೇಟೊಂದರಲ್ಲಿ ಅರಣ್ಯದವರು ಒಂಟಿ ಸಲಗವೊಂದನ್ನು ಹಿಡಿಯುತ್ತಾರೆಂದು ಸುದ್ದಿ ಬಂತು. ಅವಳನ್ನು ಬೀಳಿಸಿದ್ದು ಅದೇ ಆನೆಯೋ ಬೇರೆಯದೋ, ಹೇಳುವವರಿಲ್ಲ. ನೋಡಬೇಕು ಎಂದಳು. ಸೋಮಯ್ಯ ಬೈಕಿನಲ್ಲಿ ಕೂರಿಸಿಕೊಂಡು ಹೋದ.

ರಸ್ತೆಯ ದಿಬ್ಬದ ಮೇಲೆ ಜನ ಕಿಕ್ಕಿರಿದಿದ್ದರು. ಕೆಳಗಿನ ಬಯಲಿನಲ್ಲಿ ಅರಿವಳಿಕೆ ಮದ್ದಿಗೆ ತೂಗಾಡುತ್ತ ನಿಂತಿದ್ದ ಸಲಗವನ್ನು ಸಾಕಾನೆಗಳು ಎರಡೂ ಬದಿಯಿಂದ ಒತ್ತಿ ಹಿಡಿದಿದ್ದವು. ಹಗ್ಗ ಬಿಗಿದರು, ಹೊಟ್ಟೆಯಡಿ ಅಗಲ ಪಟ್ಟಿ ಹಾಯಿಸಿದರು. ನೀರು ಎರಚಿದರು. ಕ್ರೇನು ಕೂಗಿತು. ಸಲಗದ ನಾಲ್ಕು ಕಾಲೂ ನೆಲ ಬಿಟ್ಟವು.

ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿದ್ದ ಆ ದೇಹವನ್ನು ನೋಡುತ್ತ ಗಂಗಾಮಣಿ ತನಗರಿವಿಲ್ಲದೆ ಕೈ ಮುಗಿದಿದ್ದಳು. ಅವಳ ಕಣ್ಣ ಮುಂದೆ ಇದ್ದದ್ದು ಬಾಳ್ಳುಪೇಟೆಯ ಬಯಲೊಂದೇ ಅಲ್ಲ, ತಾನೆಂದೂ ಕಾಣದ ತದಡಿಯ ದಡವೂ. ಪಕ್ಕದಲ್ಲಿ ಸೋಮಯ್ಯ ಬಾಯಿ ತೆರೆದು ನಿಂತಿದ್ದ. ಲಾರಿ ಹೊರಟು, ಧೂಳು ಇಳಿದ ಮೇಲೆ ಅವನ ಮಾತು ಬಂತು.

"ಇಷ್ಟು ಮಿಷಿನ್ನು, ಇಷ್ಟು ಜನ, ಇಷ್ಟು ಮದ್ದು ಇದ್ದೂ ಅರ್ಧ ದಿನ ಹಿಡೀತು. ಆ ಕಾಲ್ದಲ್ಲಿ ಹೆಂಗ್ ಹತ್ಸಿದ್ರೇ ಮಾರಾಯ್ತಿ, ಹಡಗಿಗೆ? ನಾಲ್ಕನ್ನ?"

ಗಂಗಾಮಣಿ ತಿರುಗಿ ಗಂಡನ ಮುಖ ನೋಡಿದಳು. ಎರಡು ವರ್ಷದಲ್ಲಿ ಅವಳ ಓದಿನ ಬಗ್ಗೆ ತಿಳಿಯಬೇಕೆಂದು ಅವನು ಕೇಳಿದ ಮೊದಲ ಪ್ರಶ್ನೆ ಅದು. "ಗೊತ್ತಿಲ್ಲ ಕಣ್ರೀ" ಎಂದಳು. ಅಂದು ಮನೆಗೆ ಹೋದ ಮೇಲೆ ಸೋಮಯ್ಯ ಅವಳೆದುರು ಚಾಪೆ ಹಾಸಿಕೊಂಡು ಕೂತ, ಮೊದಲಿಂದ ಹೇಳು ಎಂದ. ಸಾವಿರದ ನಾನೂರ ಐವತ್ತಮೂರರಿಂದ ಅವಳು ಹೇಳಿದಳು. ಹಾಲು ಕರೆಯುವ ಹೊತ್ತು ಮೀರಿ ಹಸುಗಳು ಕೂಗಿಕೊಂಡವು.

ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ಮೈಸೂರಿನ ರಾಯಭಾರವನ್ನೂ, ಆಗಿನ ಇಸ್ತಾಂಬುಲ್‌ನ ಕಷ್ಟವನ್ನೂ ಎದುರುಬದುರು ಇಟ್ಟು ಬರೆದಳು. ಸಹಾಯ ಕೇಳಲು ಹೋದ ರಾಜ್ಯ ಕೆಲವೇ ವರ್ಷಗಳಲ್ಲಿ ಸೋತಿತು. ಸಹಾಯ ಕೊಡಲಾಗದ ರಾಜ್ಯ ಇನ್ನೂ ನೂರಿಪ್ಪತ್ತು ವರ್ಷ ಏದುಸಿರು ಬಿಡುತ್ತ ಬದುಕಿತು. ಅದು ಹೇಗೆ ಬದುಕಿತು ಎನ್ನುವುದೇ ತನಗೆ ದೊಡ್ಡ ಬೆರಗು ಎಂದು ಬರೆದಿದ್ದ ಸಾಲನ್ನು ಮಂಜುನಾಥ್ ಮೇಷ್ಟ್ರು ತರಗತಿಗೆ ಓದಿ ಹೇಳಿದರು. ಅವಳು ಪಾಸಾದಳು. ನವ್ಯಶ್ರೀ ಮರುವರ್ಷ ತನ್ನ ಓದನ್ನು ಮತ್ತೆ ಹಿಡಿದಳು.

ಪಾಸಾದದ್ದಕ್ಕೆ ಏನು ಬೇಕು ಎಂದು ಸೋಮಯ್ಯ ಕೇಳಿದ. ಸೀರೆ ಎನ್ನುತ್ತಾಳೆಂದು ಅವನ ಎಣಿಕೆ. ಅವಳು ತದಡಿ ಎಂದಳು.

ಹಸುಗಳನ್ನು ಈರಮ್ಮನಿಗೆ ಒಪ್ಪಿಸಿ ಇಬ್ಬರೂ ರೈಲಿನಲ್ಲಿ ಘಾಟಿ ಇಳಿದರು, ಕುಮಟಾದಿಂದ ಬಸ್ಸು ಹಿಡಿದರು. ತದಡಿಯಲ್ಲಿ ನೋಡಲು ಕೋಟೆಯಿಲ್ಲ, ಫಲಕವಿಲ್ಲ. ಅಘನಾಶಿನಿ ಹೊಳೆ ಅಗಲವಾಗಿ ಬಂದು ಕಡಲಿಗೆ ಬೀಳುವ ಜಾಗ. ಸಾಲಾಗಿ ಮೀನಿನ ಬೋಟುಗಳು, ಐಸು ಒಡೆಯುವ ಸದ್ದು, ಆಚೆ ದಡದಲ್ಲಿ ಹಸಿರು ಗುಡ್ಡ. ಗಂಗಾಮಣಿ ಕೋಲೂರಿಕೊಂಡು ಬೋಟು ಕಟ್ಟುವ ಧಕ್ಕೆಯ ಅಂಚಿಗೆ ಹೋಗಿ ನಿಂತಳು. ಇಷ್ಟು ವರ್ಷ ಪುಟದ ಮೇಲೆ ಒಂದು ಹೆಸರಾಗಿದ್ದದ್ದು ಈಗ ಉಪ್ಪುಗಾಳಿಯಾಗಿ ಮುಖಕ್ಕೆ ಹೊಡೆಯುತ್ತಿತ್ತು. ಇಲ್ಲಿಂದಲೇ. ಈ ನೀರಿನ ಮೇಲೇ. ಮೆಣಸು, ಗಂಧ, ಒಂಬೈನೂರು ಜನ, ಅವರ ಹೆಂಡಿರು ಮಕ್ಕಳು ದಡದಲ್ಲಿ ಅಳುತ್ತ ನಿಂತಿದ್ದಿರಬೇಕು. ಸೋಮಯ್ಯ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಬುಟ್ಟಿಗೆ ಬಂಗುಡೆ ಮೀನು ತುಂಬುತ್ತಿದ್ದ ಹೆಂಗಸೊಬ್ಬಳು ಇವರನ್ನು ನೋಡುತ್ತಲೇ ಇದ್ದಳು. "ಎಂತಾ ನೋಡೂಕೆ ಬಂದ್ರಿ ಅಮ್ಮ?" ಎಂದು ಕೇಳಿದಳು.

ಗಂಗಾಮಣಿ ಹೇಳುವ ಮೊದಲೇ ಸೋಮಯ್ಯ ಹೇಳಿದ. "ಇಲ್ಲಿಂದ ನಮ್ ಕಡೆ ನಾಲ್ಕು ಆನೆಗಳನ್ನ ಹಡಗಲ್ಲಿ ಟರ್ಕಿಗೆ ಕಳ್ಸಿದ್ರು ಕಣಮ್ಮ. ಇನ್ನೂರ ಮೂವತ್ತು, ನಲವತ್ತು ವರ್ಷದ ಹಿಂದೆ." ನಮ್ಮ ಕಡೆಯ ಆನೆಗಳೆಂದು ಯಾವ ಪುಸ್ತಕವೂ ಹೇಳಿಲ್ಲ; ಗಂಗಾಮಣಿ ತಿದ್ದಲಿಲ್ಲ.

ಮೀನಿನ ಹೆಂಗಸು ಬುಟ್ಟಿ ಕೆಳಗಿಟ್ಟು ಕಡಲ ಕಡೆ ನೋಡಿದಳು. ಅವಳ ಹಣೆ ಗಂಟಿಕ್ಕಿತು.

"ಆನೆಗೆ ಕುಡೂಕೆ ನೀರು?" ಎಂದಳು. "ಕಡಲ ನೀರು ಕುಡೂಕಾಗೂದಿಲ್ಲ. ನಾಲ್ಕು ಆನೆಗೆ ಸಿಹಿನೀರು ಎಲ್ಲಿಂದ ಹೊತ್ರು?"

ಗಂಗಾಮಣಿ ಗಂಡನನ್ನು ನೋಡಿದಳು, ಗಂಡ ಅವಳನ್ನು ನೋಡಿದ. ಆ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ. ಎಷ್ಟು ಪೀಪಾಯಿ, ಯಾವ ಹೊಳೆಯಿಂದ, ಹಡಗುಗಳು ಮೊದಲು ತಂಗಿದ ಮಸ್ಕತ್ ಸೇರುವವರೆಗೆ ಹೇಗೆ ಸಾಕಾಗುವಂತೆ ನೋಡಿಕೊಂಡರು? ಅವಳು ಅಲ್ಲೇ ಮೀನಿನ ಬಲೆಗಳ ರಾಶಿಯ ಮೇಲೆ ಕೂತಳು. ಆ ಹೆಂಗಸೂ ಪಕ್ಕದಲ್ಲಿ ಕೂತು, ಹಿಂದಿನ ಕಾಲದಲ್ಲಿ ಹಾಯಿಹಡಗಿನವರು ಹೊಳೆಯಲ್ಲಿ ಎಷ್ಟು ಮೇಲಕ್ಕೆ ಹೋದರೆ ಸಿಹಿನೀರು ಸಿಗುತ್ತಿತ್ತು ಎಂದು ತನ್ನ ಅತ್ತೆ ಹೇಳುತ್ತಿದ್ದುದನ್ನು ಹೇಳತೊಡಗಿದಳು. ಬಿಸಿಲು ಏರಿತು. ಹಿಂದಕ್ಕೆ ಹೋಗುವ ಬಸ್ಸು ಬಂದು, ಹಾರ್ನ್ ಮಾಡಿ, ಇವರಿಲ್ಲದೆ ಹೊರಟುಹೋಯಿತು.